ಕಲ್ಯಾಣದ ನೆಲದಲ್ಲಿ ಧರ್ಮಭಗಿನಿಯ ಒಂದು ದಿನ

ನಮ್ಮ ಧರ್ಮಕೇಂದ್ರಗಳ ಕುಟುಂಬಗಳು ಕನ್ಯಾಸ್ತ್ರೀಯರನ್ನು ಪ್ರತಿದಿನ ಕಾಣುತ್ತವೆ. ಶಾಲೆಯ ಅಂಗಳದಲ್ಲಿ, ಔಷಧಾಲಯದಲ್ಲಿ, ದೇವಾಲಯದ ಮುಂದಿನ ಸಾಲಿನಲ್ಲಿ ಅವರಿದ್ದೇ ಇರುತ್ತಾರೆ. ಆದರೆ ನಾವು ಕಾಣುವುದು ಅವರ ದಿನದ ಒಂದು ತುಣುಕನ್ನು ಮಾತ್ರ. ಮಠದೊಳಗಿನ ಉಳಿದ ಹೊತ್ತು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ದಿನಚರಿಗೂ ಒಂದು ದೀರ್ಘ ಇತಿಹಾಸವಿದೆ ಎಂಬುದು ನಮ್ಮ ಮನಸ್ಸಿಗೆ ಬರುವುದೂ ಅಪರೂಪ.

ಸೇವಾನಿರತ ಕನ್ಯಾಮಠವೊಂದರ ದಿನ ನಸುಕಿನಲ್ಲೇ ಆರಂಭವಾಗುತ್ತದೆ. ಮೌನ ಧ್ಯಾನ, ಕೀರ್ತನೆಗಳ ಪ್ರಾರ್ಥನೆ, ದಿವ್ಯಬಲಿಪೂಜೆ. ಅನಂತರ ಒಬ್ಬರು ಅಡುಗೆಮನೆಗೆ, ಒಬ್ಬರು ಶಾಲೆಗೆ, ಇನ್ನೊಬ್ಬರು ಹಳ್ಳಿಯ ಬಸ್ಸಿಗೆ. ಸಂಜೆ ಜಪಸರ, ಊಟದ ಬಳಿಕ ಒಂದಿಷ್ಟು ನಗು, ಮಾತುಕತೆ, ಮಲಗುವ ಮುನ್ನ ಆತ್ಮಶೋಧನೆ. ಸಂಪಾದನೆ ಯಾರದೇ ಆಗಿರಲಿ, ಹಣದ ಪೆಟ್ಟಿಗೆ ಒಂದೇ. ಬಸ್ಸಿನ ಟಿಕೇಟಿಗೂ ಲೆಕ್ಕ ಬರೆಯಬೇಕು.

ಈ ದಿನಚರಿಯಲ್ಲಿ 'ಹಳ್ಳಿಯ ಬಸ್ಸು' ಸೇರಿಕೊಂಡದ್ದು ಸುಲಭವಾಗಿ ಅಲ್ಲ. ಜಗದ್ಗುರು ಎಂಟನೆಯ ಬೋನಿಫಾಸರು 1298ರಲ್ಲಿ ಸನ್ಯಾಸಿನಿಯರೆಲ್ಲರೂ ಮಠದ ಗೋಡೆಯೊಳಗೇ ಇರಬೇಕೆಂದು ವಿಧಿಸಿದರು. 1563ರಲ್ಲಿ ಟ್ರೆಂಟ್ ಮಹಾಸಭೆ ಆ ನಿಯಮವನ್ನು ಮತ್ತೆ ಬಿಗಿಗೊಳಿಸಿತು. ಬೀದಿಯ ರೋಗಿಯ ಬಳಿಗೆ ಹೋಗಬಯಸಿದ ಹೆಣ್ಣುಮಗಳಿಗೆ ಸನ್ಯಾಸಿನಿ ಎಂಬ ಹೆಸರು ದಕ್ಕುತ್ತಿರಲಿಲ್ಲ. 1633ರಲ್ಲಿ ಫ್ರಾನ್ಸಿನ ಸಂತ ವಿನ್ಸೆಂಟ್ ದಿ ಪಾಲ್ ಮತ್ತು ಸಂತ ಲೂಯಿಸ್ ದಿ ಮರಿಯಾಕ್ ಬಡವರ ಸೇವೆಗಾಗಿ ಸ್ತ್ರೀಯರ ಸಂಘವನ್ನು ಕಟ್ಟಿದಾಗ, ಅದನ್ನು ಮಠವೆಂದು ಕರೆಯದಿರಲು ಎಚ್ಚರ ವಹಿಸಬೇಕಾಯಿತು. ಇಂಥ ಸೇವಾಸಂಘಗಳ ಭಗಿನಿಯರೂ ನಿಜವಾದ ಸನ್ಯಾಸಿನಿಯರೇ ಎಂದು ಧರ್ಮಸಭೆ ವಿಧಿವತ್ತಾಗಿ ಒಪ್ಪಿದ್ದು 1900ರಲ್ಲಿ, ಜಗದ್ಗುರು ಹದಿಮೂರನೆಯ ಲಿಯೋ ಅವರ ಕಾಲದಲ್ಲಿ.

ಕರ್ನಾಟಕದ ನೆಲ ಈ ಎರಡೂ ಬಗೆಯ ಬದುಕನ್ನು ಒಟ್ಟಿಗೆ ಕಂಡಿದೆ. 1870ರಲ್ಲಿ ಮಂಗಳೂರಿಗೆ ಏಕಾಂತವಾಸದ ಕಾರ್ಮೆಲ್ ಸನ್ಯಾಸಿನಿಯರೂ ಶಿಕ್ಷಣಸೇವೆಯ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರೂ ಬಂದರು. ಏಕಾಂತವಾಸಕ್ಕೆಂದು ಬಂದವರಲ್ಲಿ 2015ರಲ್ಲಿ ಸಂತಪದವಿಗೇರಿದ ಪ್ಯಾಲೆಸ್ತೀನಿನ ಮರಿಯಂ ಬವಾರ್ದಿಯವರೂ ಇದ್ದರು. ಬೆಂಗಳೂರಿಗೆ 1854ರಲ್ಲೇ ಬಂದಿದ್ದ ಗುಡ್ ಶೆಫರ್ಡ್ ಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನು ತೆರೆದರು. ನಾಡಿನ ಹೆಣ್ಣುಮಕ್ಕಳಿಂದಲೇ ಮಂಗಳೂರಿನಲ್ಲಿ ಬೆಳೆದ ಸಂಘಗಳೂ ಉಂಟು: 1887ರ ಉರ್ಸುಲೈನ್ ಫ್ರಾನ್ಸಿಸ್ಕನ್ ಸಂಘ, 1921ರ ಬೆಥನಿ ಸಂಘ. 1965ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆ ಪ್ರತಿ ಸಂಘವೂ ತನ್ನ ಮೂಲಚೇತನಕ್ಕೆ ಮರಳಬೇಕು, ಕಾಲಕ್ಕೂ ಸ್ಥಳಕ್ಕೂ ಹೊಂದಿಕೊಳ್ಳಬೇಕು ಎಂದು ಕರೆಕೊಟ್ಟಿತು. ಅಲ್ಲಿಂದೀಚೆಗೆ ಅನೇಕ ಸಂಘಗಳಲ್ಲಿ ನಿಲುವಂಗಿಯ ಜಾಗಕ್ಕೆ ಸೀರೆ ಬಂತು, ಪ್ರಾರ್ಥನೆ ನಾಡಭಾಷೆಗೆ ಬಂತು.

ಈಗ ನಮ್ಮ ಗಡಿನಾಡಿನ ಕಡೆ ನೋಡೋಣ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್ ಜಿಲ್ಲೆ, 2005ರಲ್ಲಿ ರಚನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯಕ್ಕೆ ಸೇರಿತು. ಕರಾವಳಿಯಿಂದಲೋ ಕೇರಳದಿಂದಲೋ ಇಲ್ಲಿಗೆ ಬರುವ ಭಗಿನಿಗೆ ಇಲ್ಲಿನ ಕನ್ನಡವೇ ಬೇರೆಯಾಗಿ ಕೇಳಿಸುತ್ತದೆ. ಜೊತೆಗೆ ಸಂತೆಯಲ್ಲಿ ದಖನಿ ಉರ್ದು, ಗಡಿಹಳ್ಳಿಗಳಲ್ಲಿ ಮರಾಠಿ, ತಾಂಡಾಗಳಲ್ಲಿ ಲಂಬಾಣಿ. ಅನ್ನದ ತಟ್ಟೆಗೆ ಜೋಳದ ರೊಟ್ಟಿ ಬರುತ್ತದೆ. ಪುಣೆ, ಹೈದರಾಬಾದಿಗೆ ಕೂಲಿಗೆ ಹೋಗುವ ಕುಟುಂಬಗಳ ಮಕ್ಕಳನ್ನು ಶಾಲೆಯಲ್ಲಿ ಉಳಿಸಿಕೊಳ್ಳುವುದು, ಹೆಣ್ಣುಮಕ್ಕಳ ಉಳಿತಾಯ ಗುಂಪುಗಳನ್ನು ಕಟ್ಟುವುದು ಈ ಸೀಮೆ ಬೇಡುವ ಸೇವೆ. ಹುಮ್ನಾಬಾದಿನಲ್ಲಿ ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆ 'ಆರ್ಬಿಟ್' ನೆಲೆಯೂರಿರುವುದೂ ಇದೇ ಅಗತ್ಯದಿಂದ.

ಸನ್ಯಾಸಿನಿಯ ಬದುಕು ಈ ನೆಲಕ್ಕೆ ಅಪರಿಚಿತವೆಂದು ಯಾರೂ ಭಾವಿಸಬೇಕಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮನೆತನದ ಹಂಗು ತೊರೆದ ಅಕ್ಕಮಹಾದೇವಿ ನಡೆದು ಬಂದದ್ದು ಇದೇ ಕಲ್ಯಾಣಕ್ಕೆ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯುವ ಕಾಯಕದ ಮಾರಯ್ಯ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದವಳು ಅವನ ಮಡದಿ ಲಕ್ಕಮ್ಮ. ಶರಣಧರ್ಮವೇ ಬೇರೆ, ಕ್ರೈಸ್ತ ಸನ್ಯಾಸವೇ ಬೇರೆ. ಎರಡನ್ನೂ ಒಂದೆನ್ನುವುದು ಎರಡಕ್ಕೂ ನ್ಯಾಯವಲ್ಲ. ಆದರೂ ದುಡಿಮೆ ಪೂಜೆಯಾಗಬೇಕು, ಕೂಡಿಡುವುದು ಸಲ್ಲದು ಎಂಬ ಮಾತು ಕಲ್ಯಾಣದ ಜನರಿಗೆ ಬಿಡಿಸಿ ಹೇಳಬೇಕಾದುದಲ್ಲ. ಭಗಿನಿಯ ಬಡತನದ ವ್ರತವನ್ನು ಅರಿಯಲು ಅವರಿಗೆ ಲಕ್ಕಮ್ಮನ ಕಥೆಯೇ ಸಾಕು.

ಲೋಕದ ಲೆಕ್ಕ ಮಾತ್ರ ಬೇರೆ ರೀತಿಯದು. ಅನುದಾನಿತ ಶಾಲೆಯಲ್ಲಿ ದುಡಿಯುವ ಭಗಿನಿಯ ಸಂಬಳ ಸಂಘಕ್ಕೆ ಸೇರಿದರೂ, ಆದಾಯ ತೆರಿಗೆಯನ್ನು ಮೂಲದಲ್ಲೇ ಕಡಿತಗೊಳಿಸಬೇಕೆಂಬ ತೀರ್ಪನ್ನು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ಎತ್ತಿಹಿಡಿಯಿತು. ಕಾನೂನಿನ ದೃಷ್ಟಿಯಲ್ಲಿ ಆಕೆ ಸಂಬಳ ಪಡೆಯುವ ವ್ಯಕ್ತಿ. ಕಾನೂನು ಹಾಗೆ ನೋಡುವುದು ಸಹಜ. ಚಿಂತಿಸಬೇಕಾದುದು ನಾವು ಆಕೆಯನ್ನು ಹೇಗೆ ನೋಡುತ್ತೇವೆ ಎಂಬುದನ್ನು.

ಮಗುವಿಗೆ ಪ್ರವೇಶ ಬೇಕಾದಾಗ ಆಕೆ ನಮಗೆ ಮುಖ್ಯೋಪಾಧ್ಯಾಯಿನಿ. ಜ್ವರ ಬಂದಾಗ ದಾದಿ. ಪ್ರಥಮ ಪರಮಪ್ರಸಾದ ಸ್ವೀಕಾರಕ್ಕೆ ಮಕ್ಕಳನ್ನು ಸಿದ್ಧಗೊಳಿಸುವಾಗ ಧರ್ಮೋಪದೇಶಕಿ. ಇವೆಲ್ಲದರ ನಡುವೆ ಆಕೆಗೂ ದಣಿವಾಗುತ್ತದೆ, ತವರಿನ ನೆನಪಾಗುತ್ತದೆ, ಮುಪ್ಪು ಬರುತ್ತದೆ ಎಂಬುದನ್ನು ಮರೆತುಬಿಡುತ್ತೇವೆ. ನಾಲ್ಕಾರು ಮಕ್ಕಳಿದ್ದ ಮನೆಗಳಲ್ಲಿ ಈಗ ಒಬ್ಬರೋ ಇಬ್ಬರೋ. ದೇವಕರೆಗಾಗಿ ಪ್ರಾರ್ಥಿಸುವ ನಾವೇ, ಆ ಕರೆ ನಮ್ಮ ಮನೆಯ ಬಾಗಿಲಿಗೆ ಬಾರದಿರಲಿ ಎಂದು ಒಳಗೊಳಗೇ ಹಾರೈಸುವುದುಂಟು. ಮಗಳನ್ನು ಬಲವಂತವಾಗಿ ಮಠಕ್ಕೆ ಕಳುಹಿಸುವುದು ಧರ್ಮಸಮ್ಮತವಲ್ಲ. ಆದರೆ ಆಕೆ ತಾನಾಗಿ ಕೇಳಿದರೆ ಶಾಂತವಾಗಿ ಕಿವಿಗೊಡುವಷ್ಟು ಎಡೆ ನಮ್ಮ ಮನೆಗಳಲ್ಲಿ ಇರಬೇಕಲ್ಲವೇ?

ಗೋಡೆಯೊಳಗಿನ ಸನ್ಯಾಸಿನಿ ಬೀದಿಗೆ ಬರಲು ಶತಮಾನಗಳೇ ಹಿಡಿದವು. ಬೀದಿಗೆ ಬಂದವರನ್ನು ಮನೆಯವರಂತೆ ಕಾಣುವ ಕೆಲಸ ನಮ್ಮದು. ಮುಂದಿನ ಹಬ್ಬಕ್ಕೆ ಮಠದ ಬಾಗಿಲು ತಟ್ಟುವಾಗ ಯಾವ ಅರ್ಜಿಯೂ ನಮ್ಮ ಕೈಯಲ್ಲಿ ಇಲ್ಲದಿರಲಿ, "ಹೇಗಿದ್ದೀರಿ, ಸಿಸ್ಟರ್?" ಎಂದು ಕೇಳಿ, ಉತ್ತರ ಮುಗಿಯುವವರೆಗೆ ಕುಳಿತು ಬರೋಣ.