ಜರ್ಮನ್ ಸಮಾಸಪದಗಳ ವಿಭಜನೆ ಮತ್ತು ಉಚ್ಚಾರಣೆ: ಒಂದು ಚಾರಿತ್ರಿಕ ನೋಟ

ಜರ್ಮನ್ ಭಾಷೆಯಲ್ಲಿ ಹೂಕುಂಡದ ಮಣ್ಣಿಗೆ ‘ಬ್ಲೂಮೆನ್‌ಟೊಪ್ಫ್‌ಏರ್ಡೆ’ ಎನ್ನುತ್ತಾರೆ. ಹೂ, ಕುಂಡ, ಮಣ್ಣು ಎಂಬ ಮೂರು ಪದಗಳು ಬರಹದಲ್ಲಿ ತೆರಪಿಲ್ಲದೆ ಒಂದಾಗಿವೆ. ಬೆಸುಗೆಯ ಸ್ಥಾನವನ್ನು ಅರಿಯದವನು ಇದನ್ನು ‘ಬ್ಲೂಮೆಂಟೊ-ಪ್ಫೇರ್ಡೆ’ ಎಂದು ಓದಿದರೆ ಮಣ್ಣಿನ ಜಾಗದಲ್ಲಿ ಕುದುರೆಗಳು ಬಂದು ನಿಲ್ಲುತ್ತವೆ; ‘ಪ್ಫೇರ್ಡೆ’ ಎಂದರೆ ಕುದುರೆಗಳು.

ಕನ್ನಡದಲ್ಲಿ ಸಮಾಸದ ಬೆಸುಗೆ ಹಲವೊಮ್ಮೆ ತನ್ನ ಗುರುತನ್ನು ತಾನೇ ಬಿಟ್ಟುಕೊಡುತ್ತದೆ. ‘ಹಳೆ’ ಮತ್ತು ‘ಕನ್ನಡ’ ಕೂಡಿದಾಗ ಕಕಾರವು ಗಕಾರವಾಗಿ ‘ಹಳೆಗನ್ನಡ’ ಎಂದಾಗುವುದನ್ನು ನಮ್ಮ ವೈಯಾಕರಣರು ಆದೇಶಸಂಧಿ ಎಂದರು. ಜರ್ಮನ್ನಿನಲ್ಲಿ ಕೆಲವೆಡೆ ನಡುವೆ ಸಕಾರವೋ ನಕಾರವೋ ಸೇರುವುದುಂಟು. ಆದರೆ ಉತ್ತರಪದದ ಮೊದಲಕ್ಷರ ಮಾರ್ಪಡುವುದಿಲ್ಲ. ಸ್ವರದಿಂದ ಆರಂಭವಾಗುವ ಘಟಕದ ಮುನ್ನ ಗಂಟಲಿನಲ್ಲಿ ಉಂಟಾಗುವ ಕ್ಷಣಿಕ ತಡೆಯೇ ಅಲ್ಲಿ ಕಿವಿಗೆ ಸಿಗುವ ಗುರುತು. ಆ ತಡೆಗೆ ಲಿಪಿಯಲ್ಲಿ ಚಿಹ್ನೆಯಿಲ್ಲ.

ಹಿಂದೆ ಲಿಪಿಯೂ ಕೆಲಮಟ್ಟಿಗೆ ನೆರವಾಗುತ್ತಿತ್ತು. ಫ್ರಾಕ್ಟೂರ್ ಎಂಬ ಮುದ್ರಣಲಿಪಿಯಲ್ಲಿ ಸಕಾರಕ್ಕೆ ಎರಡು ರೂಪಗಳಿದ್ದವು. ಉಚ್ಚಾರಾಂಶದ ಆರಂಭದಲ್ಲಿ ನೀಳ ಸಕಾರ, ಘಟಕಪದದ ಕೊನೆಯಲ್ಲಿ ಗುಂಡು ಸಕಾರ. ಹೀಗಾಗಿ ಕಾವಲುಕೋಣೆ ಎಂಬರ್ಥದ ‘ವಖ್-ಷ್ಟೂಬೆ’ ಮತ್ತು ಮೇಣದ ಕೊಳವೆ ಎಂಬರ್ಥದ ‘ವಕ್ಸ್-ಟೂಬೆ’ ಕಣ್ಣಿಗೇ ಬೇರೆಬೇರೆಯಾಗಿ ತೋರುತ್ತಿದ್ದವು. 1941ರ ಜನವರಿ 3ರಂದು ನಾಜಿ ಆಡಳಿತವು ಈ ಲಿಪಿಯನ್ನು ಯಹೂದಿ ಮೂಲದ್ದೆಂದು ಸುಳ್ಳು ಹೇಳಿ, ಸುತ್ತೋಲೆಯೊಂದರಿಂದ ಕೈಬಿಟ್ಟಿತು. ಲಿಪಿಯೊಡನೆ ಆ ಭೇದವೂ ಬಳಕೆಯಿಂದ ಮರೆಯಾಯಿತು. ಇಂದು ಎರಡೂ ಪದಗಳಿಗೆ ಒಂದೇ ಕಾಗುಣಿತ. ಉಚ್ಚಾರಣೆಯನ್ನು ಸಂದರ್ಭವೇ ನಿರ್ಣಯಿಸಬೇಕು.

ಸಾಲಿನ ಕೊನೆಯಲ್ಲಿ ಪದವನ್ನು ಒಡೆಯುವ ನಿಯಮಗಳೂ ಬದಲಾಗುತ್ತ ಬಂದಿವೆ. 1901ರ ಬರ್ಲಿನ್ ಸಮ್ಮೇಳನವು ಜರ್ಮನ್ ಕಾಗುಣಿತಕ್ಕೆ ಏಕರೂಪ ಕೊಟ್ಟಿತು. ಸರಳಪದಗಳಲ್ಲಿ ಸಕಾರ-ಟಕಾರಗಳ ಜೋಡಿಯನ್ನು ಬೇರ್ಪಡಿಸಬಾರದೆಂಬ ಹಳೆಯ ಕಟ್ಟಳೆಯನ್ನು 1996ರ ಸುಧಾರಣೆ ತೆಗೆದುಹಾಕಿತು. ಪೆಟ್ಟಿಗೆಗಳು ಎಂಬರ್ಥದ ‘ಕಿಸ್ಟೆನ್’ ಈಗ ‘ಕಿಸ್-ಟೆನ್’ ಎಂದು ಒಡೆಯುತ್ತದೆ. ನೌಕಾಯಾನ ಎಂಬರ್ಥದ ‘ಷಿಫ್‌ಫಾರ್ಟ್’ ಪದದಲ್ಲಿ ಮೊದಲು ಕೈಬಿಡುತ್ತಿದ್ದ ಮೂರನೆಯ ಫಕಾರ ಮರಳಿತು. ಸಮಾಸವನ್ನು ಬೆಸುಗೆಯಲ್ಲಿಯೇ ಒಡೆಯಬೇಕೆಂಬ ಮೂಲತತ್ತ್ವ ಉಳಿಯಿತು. ಆದರೆ ಬೆಸುಗೆಯ ಅರಿವು ಮಾಸಿರುವ ‘ವಾರುಮ್’ (ಏಕೆ) ಮುಂತಾದ ಪದಗಳನ್ನು ಉಚ್ಚಾರಣೆಗೆ ತಕ್ಕಂತೆ ಒಡೆಯಲೂ ಅನುಮತಿ ದೊರೆಯಿತು.

ಈ ಅನುಮತಿಯಲ್ಲಿ ಒಂದು ಒಪ್ಪಿಗೆ ಅಡಗಿದೆ: ಪದದ ಒಳರಚನೆ ಉಳಿಯುವುದು ಅದನ್ನಾಡುವವರ ನೆನಪಿನಲ್ಲಿ. ಆ ನೆನಪು ಮಾಸಿದಲ್ಲಿ ನಿಯಮವೂ ಹಿಂದೆ ಸರಿಯುತ್ತದೆ. ತಮ್ಮ ಊರಿನ ಹೆಸರುಗಳನ್ನು ಅನ್ಯಲಿಪಿಯ ಫಲಕಗಳಲ್ಲಿ ದಿನವೂ ಓದುವ ಗಡಿನಾಡಿನ ಕನ್ನಡಿಗರಿಗೆ ಇದರ ಅರ್ಥ ವಿವರಿಸಬೇಕಾಗಿಲ್ಲ.