ಕುಂಚಿಗೆ, ಕುಲಾಯಿ, ಕೌದಿ: ನಮ್ಮ ಮನೆಗಳ ಹೊಲಿಗೆಯ ಇತಿಹಾಸ

ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಇತಿಹಾಸದ ಲೇಖನ ಬರೆದುಕೊಡು ಎಂದು ಗುರುಗಳು ಹೇಳಿದಾಗ ಹಿಂಜರಿದೆ. ನಾನು ಓದಿದ್ದು ಬಿ.ಇ., ಮಾಡುವುದು ಸಾಫ್ಟ್‌ವೇರ್ ಕೆಲಸ. ರಾಜಮಹಾರಾಜರ ಬಗ್ಗೆ ಬರೆಯುವ ಅರ್ಹತೆ ನನಗಿಲ್ಲ. ಆದರೆ ಹೋದ ವರ್ಷ ಮಗಳು ಹುಟ್ಟಿದಾಗ ಅವ್ವ ಟ್ರಂಕಿನಿಂದ ಒಂದು ಹಳೆಯ ಕುಂಚಿಗೆ ತೆಗೆದುಕೊಟ್ಟಳು. ಅದನ್ನು ಹೊಲಿದವಳು ನಮ್ಮ ಆಯಿ. ಅಕ್ಷರ ಬಾರದ ಆಯಿ ಕಾಗದಪತ್ರಗಳಲ್ಲಿ ಬಿಟ್ಟುಹೋದದ್ದು ಹೆಬ್ಬೆಟ್ಟಿನ ಗುರುತು ಮಾತ್ರ. ಅವಳ ಕೈಬರಹ ಎಂದು ನಮ್ಮಲ್ಲಿ ಉಳಿದದ್ದು ಈ ಕುಂಚಿಗೆಯೇ. ಹಾಗಾಗಿ ಇದರ ಇತಿಹಾಸವನ್ನೇ ಬರೆಯುತ್ತಿದ್ದೇನೆ.

ಕುಲಾಯಿ ಕೂಸಿನ ತಲೆಗಷ್ಟೇ ಹಾಕುವ ಟೊಪ್ಪಿಗೆ. ಕುಂಚಿಗೆ ತಲೆಯನ್ನೂ ಮುಚ್ಚಿ ಬೆನ್ನಿನ ಮೇಲೆ ಇಳಿಬೀಳುತ್ತದೆ. ಧಾರವಾಡ, ಬೆಳಗಾವಿ, ವಿಜಯಪುರ ಭಾಗದಲ್ಲಿ ಇವುಗಳ ಮೇಲೆ ಕಸೂತಿ ಹಾಕುವ ರೂಢಿ ಇತ್ತು. ಗವಂತಿ, ಮುರ್ಗಿ, ನೇಯ್ಗಿ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳಲ್ಲಿ ಗೋಪುರ, ತೇರು, ಆನೆ, ನವಿಲು, ತುಳಸಿ ವೃಂದಾವನ, ತೊಟ್ಟಿಲು ಮೂಡುತ್ತಿದ್ದವು. ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುತ್ತಿರಲಿಲ್ಲ. ಎಳೆ ಎಣಿಸುತ್ತ, ದಾರಕ್ಕೆ ಗಂಟು ಹಾಕದೆ ಹೊಲಿಯಬೇಕು. ಗವಂತಿ, ಮುರ್ಗಿಯಲ್ಲಿ ಬಟ್ಟೆಯ ಎರಡೂ ಬದಿ ಒಂದೇ ರೀತಿ ಕಾಣುತ್ತದೆ. “ಎಳಿ ಎಣಿಸ್ಬೇಕು ತಮ್ಮಾ, ಅಂದಾಜು ಹಾಕಬಾರ್ದು. ಒಂದ್ ಎಳಿ ತಪ್ಪಿದ್ರ ತೇರು ಸೊಟ್ಟ ಆಗ್ತೈತಿ” ಎಂದು ಆಯಿ ಹೇಳುತ್ತಿದ್ದಳು. ಕಸೂತಿಗೆ ಇಂದು ಜಿ.ಐ. ಮಾನ್ಯತೆ ಇದೆ. ಹೆಚ್ಚಾಗಿ ಸೀರೆಗಳ ಮೇಲೆ ಮಾರಾಟಕ್ಕೆ ಬರುತ್ತಿದೆ. ಕೂಸಿನ ಕುಂಚಿಗೆಯ ಮೇಲೆ ಕಾಣುವುದು ಅಪರೂಪ.

ಕಸೂತಿ ಎಲ್ಲರಿಗೂ ಬರುತ್ತಿರಲಿಲ್ಲ, ಕೌದಿ ಮಾತ್ರ ಪ್ರತಿ ಮನೆಯಲ್ಲೂ ಇತ್ತು. ಹಳೆಯ ಸೀರೆ, ಧೋತರ, ಅಂಗಿಗಳ ಮೆತ್ತಗಿನ ತುಂಡುಗಳನ್ನು ಪದರ ಪದರವಾಗಿ ಜೋಡಿಸಿ, ಅಂಚಿನಿಂದ ಒಳಗೆ ಸಾಲು ಸಾಲಾಗಿ ಹೊಲಿಯುತ್ತಿದ್ದರು. ಬಹಳ ಸಲ ಒಗೆದು ಮೆತ್ತಗಾದ ಅರಿವೆ ಕೂಸಿನ ಎಳೆ ಚರ್ಮಕ್ಕೆ ಒತ್ತುವುದಿಲ್ಲ, ತೊಯ್ದದ್ದನ್ನೂ ಬೇಗ ಹೀರುತ್ತದೆ. ಹೊಸ ಬಟ್ಟೆ ಕೊಳ್ಳುವ ಶಕ್ತಿ ಇಲ್ಲದ ಮನೆಗಳ ಬಡತನವೂ ಇದರಲ್ಲಿ ಇತ್ತೆಂಬುದನ್ನು ಮರೆಮಾಚಬೇಕಿಲ್ಲ. ನಮ್ಮ ಆಯಿ ಕೊನೆಯ ಮೂಲೆ ಮುಚ್ಚುವ ಮುಂಚೆ ನಾಲ್ಕು ಜೋಳದ ಕಾಳು ಒಳಗೆ ಹಾಕುತ್ತಿದ್ದಳು. ಕೌದಿ ಹಸಿದಿರಬಾರದು ಎನ್ನುವುದು ಅವಳ ಮಾತು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಸಿದ್ದಿ ಮಹಿಳೆಯರು ತಮ್ಮ ಕೌದಿಯ ಮೂಲೆಗಳಿಗೆ ‘ಫುಲಾ’ ಎಂಬ ಹೂವಿನಂಥ ಮಡಿಕೆಗಳನ್ನು ಇಡುತ್ತಾರೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳ ಅಧ್ಯಯನ ಮಾಡಿದ್ದಾರೆ. ದೂರದವರು ಅಧ್ಯಯನ ಮಾಡಿದ ವಸ್ತುವನ್ನು ನಾವು ಅಟ್ಟಕ್ಕೆ ಹಾಕಿದ್ದೇವೆ.

ಎರಡು ಸೂಜಿಯ ಉಣ್ಣೆ ಹೆಣಿಗೆ ನಮ್ಮಲ್ಲಿಗೆ ಆಮೇಲೆ ಬಂತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್, ಮುಂದಿನ ವರ್ಷಗಳಲ್ಲಿ ಧಾರವಾಡ, ಹುಬ್ಬಳ್ಳಿ, ಬೆಟಗೇರಿಗಳಲ್ಲೂ ಕೇಂದ್ರ ತೆರೆಯಿತು. ಮಿಷನರಿಗಳ ಹೆಣ್ಣುಮಕ್ಕಳ ಶಾಲೆಗಳಲ್ಲಿ ಓದಿನ ಜೊತೆಗೆ ಹೊಲಿಗೆ, ಹೆಣಿಗೆಯೂ ಪಾಠವಾಯಿತು. ಕೂಸಿನ ಸ್ವೆಟರ್, ಉಣ್ಣೆ ಟೊಪ್ಪಿಗೆ, ಕಾಲುಚೀಲ ಹೆಣೆದು ಉಡುಗೊರೆ ಕೊಡುವ ರೂಢಿ ಹೀಗೆ ಹಬ್ಬಿತು. ಹೆಣಿಗೆಯಲ್ಲಿ ಇರುವುದು ಸೀದಾ, ಉಲ್ಟಾ ಎಂಬ ಎರಡೇ ಹೊಲಿಗೆ. ಉಳಿದ ವಿನ್ಯಾಸವೆಲ್ಲ ಅವುಗಳ ಲೆಕ್ಕ. ಸೊನ್ನೆ, ಒಂದರ ಮೇಲೆ ಬದುಕುವ ನನ್ನಂಥವನಿಗೆ ಇದು ಅಚ್ಚರಿ ತಂದಿತು.

ಮುಂದೆ ಹೊಲಿಗೆ ಯಂತ್ರ ಬಂತು. ಯಂತ್ರಗಳ ವಿರೋಧಿ ಎಂದೇ ಹೆಸರಾದ ಗಾಂಧೀಜಿ 1924ರ ಒಂದು ಸಂಭಾಷಣೆಯಲ್ಲಿ ಸಿಂಗರ್ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು. 1937ರ ವಾರ್ಧಾ ಸಮ್ಮೇಳನದ ನಂತರ ಅವರ ಮೂಲ ಶಿಕ್ಷಣದ ವಿಚಾರ ಕೈಕೆಲಸವನ್ನು ಕಲಿಕೆಯ ನಡುವೆ ತಂದಿತು. 1977ರ ಈಶ್ವರಭಾಯಿ ಪಟೇಲ್ ಸಮಿತಿಯಿಂದ ನಮಗೆಲ್ಲ ಗೊತ್ತಿರುವ ಎಸ್.ಯು.ಪಿ.ಡಬ್ಲ್ಯು. ಎಂಬ ಹೆಸರು ಬಂತು. ಆ ಅವಧಿಯಲ್ಲಿ ಹುಡುಗಿಯರು ಕರವಸ್ತ್ರದ ಅಂಚು ಹೊಲಿಯುತ್ತಿದ್ದರೆ ನಾವು ಹುಡುಗರು ಮೈದಾನಕ್ಕೆ ಓಡುತ್ತಿದ್ದೆವು. ಹೊಲಿಗೆ ಹೆಣ್ಣುಮಕ್ಕಳ ಕೆಲಸ ಎಂದುಕೊಂಡಿದ್ದೆವು. ಇವತ್ತಿಗೂ ನನಗೆ ಗುಂಡಿ ಹಚ್ಚಲು ಬರುವುದಿಲ್ಲ.

ಮಗಳಿಗೆ ನಾನು ಆನ್‌ಲೈನಿನಲ್ಲಿ ತರಿಸಿದ ಹೊದಿಕೆಗಳು ಆರು ತಿಂಗಳಿಗೇ ಗಂಟುಗಂಟಾದವು. ಆಯಿಯ ಕುಂಚಿಗೆ ನನ್ನ ತಲೆಯ ಮೇಲೂ ಇತ್ತು, ಈಗ ಮಗಳ ತಲೆಯ ಮೇಲೂ ಕೂತಿತು. ಒಂದು ಕಡೆ ತೇರಿನ ಎಳೆ ಬಿಚ್ಚಿದೆ. ಸರಿಮಾಡಿಕೊಡು ಎಂದು ಅವ್ವನನ್ನು ಕೇಳಿದೆ. “ನನಗ ಕೌದಿ ಬರ್ತೈತಪ್ಪಾ, ಕಸೂತಿ ಬರಂಗಿಲ್ಲ. ಅತ್ತಿ ಕಲಿ ಅಂದಾಗ ನಾ ಕಲೀಲಿಲ್ಲ” ಎಂದು ಸುಮ್ಮನಾದಳು. ಕೌದಿಯನ್ನಾದರೂ ನಾನು ಕಲಿತಿದ್ದೇನೆಯೇ? ಇಲ್ಲ.

ಆದ್ದರಿಂದ ಹಳೆಯ ವಿದ್ಯಾರ್ಥಿಗಳಲ್ಲಿ, ಊರಿನ ಹಿರಿಯರಲ್ಲಿ ನನ್ನದೊಂದು ವಿನಂತಿ. ಮಹೋತ್ಸವದ ದಿನ ಮನೆಯ ಹಳೆಯ ಕೌದಿ, ಕುಲಾಯಿ, ಕುಂಚಿಗೆಗಳನ್ನು ಶಾಲೆಗೆ ತನ್ನಿ. ಹೊಲಿದವರ ಹೆಸರು, ಯಾರ ಸೀರೆಯ ತುಂಡು, ಯಾವ ಕೂಸಿಗಾಗಿ ಹೊಲಿದದ್ದು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಅಂಟಿಸೋಣ. ಹೊಲಿಯಬಲ್ಲ ತಾಯಂದಿರು ಒಂದು ಗಂಟೆ ಕೂತು ಈಗಿನ ಮಕ್ಕಳಿಗೆ ಕಲಿಸಲಿ, ಹುಡುಗರೂ ಕೂರಲಿ. ನಾನಂತೂ ಸೂಜಿ ದಾರ ಹಿಡಿದು ಮೊದಲ ಸಾಲಿನಲ್ಲಿ ಕೂರುತ್ತೇನೆ. ಆ ತೇರಿನ ಎಳೆಯನ್ನು ಸರಿಪಡಿಸುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.