ಸ್ಟೀಮಿಟ್

ಒಳ್ಳೆಯ ಬರಹ ಬರೆದವರಿಗಷ್ಟೇ ಅಲ್ಲದೆ, ಅದನ್ನು ಗುರುತಿಸಿ ಮತ ಹಾಕಿದ ಓದುಗರಿಗೂ ಹಣ ಕೊಡುವ ಅಂತರ್ಜಾಲ ತಾಣ. ನೆಡ್ ಸ್ಕಾಟ್ ಮತ್ತು ಡ್ಯಾನ್ ಲಾರಿಮರ್ 2016ರಲ್ಲಿ ಇದನ್ನು ಅಮೆರಿಕದಲ್ಲಿ ಆರಂಭಿಸಿದರು. ಇದರ ಲೆಕ್ಕವೆಲ್ಲ ಸ್ಟೀಮ್ ಎಂಬ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವು ಕಂಪ್ಯೂಟರ್‌ಗಳು ಹಂಚಿಕೊಂಡ ಖಾತೆಪುಸ್ತಕದಲ್ಲಿ, ದಾಖಲಾಗುತ್ತದೆ. ಅಲ್ಲಿ ಹೊಸದಾಗಿ ಹುಟ್ಟುವ ಡಿಜಿಟಲ್ ನಾಣ್ಯಗಳಲ್ಲಿ ದೊಡ್ಡ ಪಾಲು ಬರಹಗಾರರಿಗೂ ಮತದಾರರಿಗೂ ಹಂಚಿಕೆಯಾಗುತ್ತದೆ. ಮೊದಲ ಪಾವತಿ ನಡೆದದ್ದು 2016ರ ಜುಲೈ 4ರಂದು.

ಇಲ್ಲಿ ಎಲ್ಲರ ಮತವೂ ಸಮಾನವಲ್ಲ. ನಾಣ್ಯವನ್ನು ‘ಸ್ಟೀಮ್ ಪವರ್’ ರೂಪದಲ್ಲಿ ಕೂಡಿಟ್ಟಷ್ಟೂ ಮತದ ತೂಕ ಹೆಚ್ಚು. ತಾಣದ ಏಳಿಗೆಯಲ್ಲಿ ಹಣ ತೊಡಗಿಸಿದವರು ಹುಷಾರಾಗಿ ಆರಿಸುತ್ತಾರೆ ಎಂಬುದು ಇದರ ಹಿಂದಿನ ನಂಬಿಕೆ. ಮುಂದೆ ಜನಪ್ರಿಯವಾಗುವ ಬರಹಕ್ಕೆ ಮೊದಲೇ ಮತ ಹಾಕಿದವರಿಗೆ ಹೆಚ್ಚಿನ ಪಾಲು ಸಿಗುತ್ತಿತ್ತು. ಬರಹ ಪ್ರಕಟವಾದ ಕ್ಷಣದಲ್ಲೇ ಯಂತ್ರಗಳು ಮುಗಿಬೀಳದಂತೆ ಮೊದಲ 30 ನಿಮಿಷದಲ್ಲಿ ಮತ ಹಾಕಿದವರ ಪಾಲಿಗೆ ಕಡಿತವನ್ನೂ ಇಟ್ಟಿದ್ದರು. ಫಲ ಮಾತ್ರ ಬೇರೆಯೇ ಆಯಿತು. ಯಾವ ಲೇಖಕರಿಗೆ ದೊಡ್ಡ ಮತಗಳು ಬೀಳುತ್ತವೆ, ಎಷ್ಟನೇ ನಿಮಿಷಕ್ಕೆ ಮತ ಹಾಕಿದರೆ ಲಾಭ ಎಂದು ಬಾಟ್‌ಗಳು, ಅಂದರೆ ತಾವಾಗಿಯೇ ಮತ ಹಾಕುವ ತಂತ್ರಾಂಶಗಳು, ಲೆಕ್ಕ ಹಾಕತೊಡಗಿದವು. ಅದಕ್ಕೆ ಬರಹ ಓದುವ ಅಗತ್ಯವೇ ಇರಲಿಲ್ಲ.

ಇನ್ನೂ ದೊಡ್ಡ ಪೆಟ್ಟು ಕೊಟ್ಟದ್ದು ಮತದ ಬಾಡಿಗೆ. ಪೂರ್ಣ ತೂಕದ ಒಂದು ಮತಕ್ಕೆ ಖಾತೆಯ ಮತಶಕ್ತಿಯ ಶೇ 2ರಷ್ಟು ಖರ್ಚಾಗುತ್ತದೆ. ಅದು ತುಂಬಿಕೊಳ್ಳಲು 2.4 ಗಂಟೆ ಬೇಕು. ‘ಬಿಡ್ ಬಾಟ್’ಗಳು ಈ 2.4 ಗಂಟೆಯನ್ನೇ ಹರಾಜಿನ ಒಂದು ಸುತ್ತಾಗಿ ಮಾಡಿಕೊಂಡವು. ಲೇಖಕರು ಹಣದ ಜೊತೆಗೆ ತಮ್ಮ ಬರಹದ ಕೊಂಡಿ ಕಳಿಸಬೇಕಿತ್ತು. ಸುತ್ತು ಮುಗಿದಾಗ, ಕೊಟ್ಟ ಹಣಕ್ಕೆ ತಕ್ಕಂತೆ ಬಾಟ್ ಮತ ಹಂಚುತ್ತಿತ್ತು. ಶ್ರಮಪಟ್ಟು ಬರೆದ ಹೊಸಬರ ಲೇಖನ ಕೆಳಗುಳಿದು, ಕಾಸು ಕೊಟ್ಟವರ ಬರಹ ಮುಖಪುಟಕ್ಕೇರಿತು. ಒಳ್ಳೆಯದನ್ನು ಹುಡುಕಲೆಂದೇ ಕಟ್ಟಿದ ವ್ಯವಸ್ಥೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯವಿಲ್ಲ.

ತಿದ್ದುಪಡಿಗಳೂ ಬಂದವು. ಆರಂಭದಲ್ಲಿ ಮತದ ತೂಕ ಇಮ್ಮಡಿಯಾದರೆ ಬಹುಮಾನ ನಾಲ್ಮಡಿಯಾಗುತ್ತಿತ್ತು. 2017ರಲ್ಲಿ ಅದನ್ನು ಸರಳ ಅನುಪಾತಕ್ಕೆ ಇಳಿಸಲಾಯಿತು. ಇದರಿಂದ ಸಣ್ಣ ಮತಕ್ಕೆ ಬೆಲೆ ಬಂತು, ಆದರೆ ತಮಗೆ ತಾವೇ ಮತ ಹಾಕಿಕೊಳ್ಳುವುದೂ ಲಾಭದಾಯಕವಾಯಿತು. 2019ರ ಆಗಸ್ಟ್‌ನಲ್ಲಿ ಮತದಾರರ ಪಾಲನ್ನು ಶೇ 25ರಿಂದ 50ಕ್ಕೆ ಏರಿಸಿ, ವಿರೋಧ ಮತಕ್ಕೆ ಪ್ರತ್ಯೇಕ ಕೋಟಾ ಕೊಟ್ಟರು. ಅಲ್ಲಿಯವರೆಗೆ ವಿರೋಧ ಮತಕ್ಕೂ ಅದೇ ಮತಶಕ್ತಿ ಖರ್ಚಾಗುತ್ತಿದ್ದುದರಿಂದ, ವಿರೋಧಿಸುವವರು ತಮ್ಮ ಸಂಪಾದನೆಯನ್ನೇ ಬಿಟ್ಟುಕೊಡಬೇಕಿತ್ತು.

2020ರಲ್ಲಿ ಸ್ಟೀಮಿಟ್ ಕಂಪನಿಯನ್ನು ಟ್ರಾನ್ ಎಂಬ ಮತ್ತೊಂದು ಬ್ಲಾಕ್‌ಚೈನ್‌ನ ಸಂಸ್ಥಾಪಕ ಜಸ್ಟಿನ್ ಸನ್ ಕೊಂಡರು. ಜಾಲದ ಹಿಡಿತಕ್ಕಾಗಿ ನಡೆದ ಜಗಳದಲ್ಲಿ ಬಳಕೆದಾರರ ದೊಡ್ಡ ಗುಂಪೊಂದು ಸಿಡಿದು, ಅದೇ ವರ್ಷ ಮಾರ್ಚ್ 20ರಂದು ಹೈವ್ ಎಂಬ ಬೇರೆ ಬ್ಲಾಕ್‌ಚೈನ್ ಆರಂಭಿಸಿತು. 2021ರಲ್ಲಿ ಹೈವ್ ನಿಮಿಷಗಳ ಓಟವನ್ನೇ ಕೈಬಿಟ್ಟಿತು: ಮೊದಲ 24 ಗಂಟೆಯೊಳಗೆ ಯಾವಾಗ ಮತ ಹಾಕಿದರೂ ಪಾಲಿನ ದರ ಒಂದೇ.